ಓಟಿಪಿ ಬೇರೆಯವರ ಕೈಗೆ ಹೋಗದಿರಲಿ: ಮೊಬೈಲ್ ನಂಬರ್ ಭದ್ರ ಮಾಡುವ ಹಂತಗಳು, ಸರಿಯಾದ ಕ್ರಮದಲ್ಲಿ

"ನೀವು ಹೇಳಿದ್ದೆಲ್ಲಾ ಮಾಡೇನ್ರಿ, ಈಗ ನನ್ನ ಅಕೌಂಟು ನನಗ ತೆರೀವಲ್ದು." ಮೊಬೈಲ್ ನಂಬರ್ ಭದ್ರ ಮಾಡುವ ಸಲಹೆ ಪಾಲಿಸಿದ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರಿಂದ ಇದೇ ದೂರು ಮತ್ತೆ ಮತ್ತೆ ಬರುತ್ತಿದೆ. ಒಬ್ಬರು ಸಿಮ್ ಪಿನ್ ಅಂದಾಜಿನ ಮೇಲೆ ಒತ್ತಿ ಸಿಮ್ಮನ್ನೇ ಲಾಕ್ ಮಾಡಿಕೊಂಡಿದ್ದಾರೆ. ಇನ್ನೊಬ್ಬರು 2ಜಿ ಬಂದ್ ಮಾಡಿದ ಮೇಲೆ ಮನೆಗೆ ಕರೆಯೇ ಬರುತ್ತಿಲ್ಲ. ಮತ್ತೊಬ್ಬರು ಎಸ್ಎಂಎಸ್ ಓಟಿಪಿ ತೆಗೆದುಹಾಕಿ, ಆಮೇಲೆ ಫೋನ್ ಒಡೆದುಕೊಂಡು, ಜಿಮೇಲ್ ಕಳೆದುಕೊಂಡು ಕೂತಿದ್ದಾರೆ. ಮಾಡಿದ ಕೆಲಸ ಯಾವುದೂ ತಪ್ಪಲ್ಲ. ಮೊದಲು ಮಾಡಬೇಕಾದದ್ದನ್ನು ಆಮೇಲೆ ಮಾಡಿದ್ದಾರೆ, ಅಷ್ಟೇ. ಹಾಗಾಗಿ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಒಂದು ಮುಗಿಯದೆ ಮುಂದಿನದಕ್ಕೆ ಕೈ ಹಾಕಬೇಡಿ.

## ಶುರು ಮಾಡುವ ಮುಂಚೆ: ತೊಂದರೆ ಇರುವುದು ಎಲ್ಲಿ

ನೀವು ಯಾವ ಟವರಿನ ಕೆಳಗಿದ್ದೀರಿ, ನಿಮ್ಮ ಕರೆ ಮತ್ತು ಎಸ್ಎಂಎಸ್ ಯಾವ ಕಡೆ ಕಳಿಸಬೇಕು ಎಂಬ ಮಾತುಕತೆ ಮೊಬೈಲ್ ಕಂಪನಿಗಳ ನಡುವೆ ಹಗಲು ರಾತ್ರಿ ನಡೆದೇ ಇರುತ್ತದೆ. ಇದಕ್ಕೆ ಸಿಗ್ನಲಿಂಗ್ ಎನ್ನುತ್ತಾರೆ. 2ಜಿ, 3ಜಿಯಲ್ಲಿ ಅದು ಎಸ್ಎಸ್7 ಎಂಬ ಪದ್ಧತಿಯಲ್ಲಿ ನಡೆಯುತ್ತದೆ, 4ಜಿಯಲ್ಲಿ ಡಯಾಮೀಟರ್ ಎಂಬುದರಲ್ಲಿ. ಎಸ್ಎಸ್7ನಲ್ಲಿ ಕೇಳುತ್ತಿರುವವರು ನಿಜವಾಗಿ ಯಾರು ಎಂದು ಪರೀಕ್ಷಿಸುವ ಏರ್ಪಾಡೇ ಇಲ್ಲ. ಜಾಲದೊಳಗೆ ಬಂದವರೆಲ್ಲ ನಂಬಿಕಸ್ಥರು ಎಂಬ ಲೆಕ್ಕದಲ್ಲಿ ಅದನ್ನು ಕಟ್ಟಲಾಗಿದೆ.

ಅಪರಿಚಿತನೊಬ್ಬ ಪೋಸ್ಟ್ ಆಫೀಸಿಗೆ ಬಂದು "ಆ ಮನಿಯವರು ಊರು ಬಿಟ್ಟಾರ, ಅವರ ಟಪಾಲು ಇನ್ನ ಮ್ಯಾಲೆ ನಮ್ಮೂರಿಗೆ ಕಳಸ್ರಿ" ಅಂದ ಕೂಡಲೇ ಗುರುತು ಕೇಳದೆ ವಿಳಾಸ ತಿದ್ದಿದರೆ ಹೇಗೆ, ಇದೂ ಹಾಗೆ. ಇಲ್ಲಿ ವಿಳಾಸ ಬರೆದಿಟ್ಟ ದಾಖಲೆಗೆ ಎಚ್ಎಲ್ಆರ್ ಎಂದು ಹೆಸರು. ಕಳ್ಳ ಮೊದಲು ನಿಮ್ಮ ನಂಬರ್ ಕೊಟ್ಟು, ಸಿಮ್ಮಿನ ಒಳಗುರುತಾದ ಐಎಂಎಸ್ಐ ಸಂಖ್ಯೆಯನ್ನೂ ನೀವು ಯಾವ ಎಕ್ಸ್‌ಚೇಂಜಿನಡಿ ಇದ್ದೀರಿ ಎಂಬುದನ್ನೂ ಕೇಳಿ ತಿಳಿಯುತ್ತಾನೆ. ಆಮೇಲೆ "ಈ ಗ್ರಾಹಕ ಈಗ ನಮ್ಮ ನೆಟ್‌ವರ್ಕಿಗೆ ಬಂದಿದ್ದಾನೆ" ಎಂಬ ಅಪ್‌ಡೇಟ್ ಲೊಕೇಶನ್ ಸಂದೇಶ ಕಳಿಸುತ್ತಾನೆ. ಅಲ್ಲಿಂದ ಮುಂದೆ ನಿಮ್ಮ ಎಸ್ಎಂಎಸ್ ಅವನ ಪಾಲು. 2017ರಲ್ಲಿ ಜರ್ಮನಿಯಲ್ಲಿ ಬ್ಯಾಂಕ್ ಗ್ರಾಹಕರ ದುಡ್ಡು ಹೋದದ್ದು ಹೀಗೇ. ಆದರೆ ಅಲ್ಲಿ ಪಾಸ್‌ವರ್ಡುಗಳನ್ನು ಮೊದಲೇ ಕದ್ದಿದ್ದರು, ಎಸ್ಎಸ್7 ಬಳಸಿದ್ದು ಕೊನೆಯ ಓಟಿಪಿಗಾಗಿ ಮಾತ್ರ. ಇದನ್ನು ನೆನಪಿಡಿ, ಹಂತ 4ರಲ್ಲಿ ಬೇಕಾಗುತ್ತದೆ.

ಇದಕ್ಕೆ ಕಂಪನಿಗಳ ಕಡೆ ಮದ್ದಿದೆ. ಹೊರಗಿನಿಂದ ಬರುವ ಅನುಮಾನದ ಸಂದೇಶ ಸೋಸುವ ಸಿಗ್ನಲಿಂಗ್ ಫೈರ್‌ವಾಲ್ ಒಂದು. ನಿಜವಾದ ಐಎಂಎಸ್ಐ ಹೊರಗೆ ಬಿಟ್ಟುಕೊಡದ ಎಸ್ಎಂಎಸ್ ಹೋಮ್ ರೌಟಿಂಗ್ ಇನ್ನೊಂದು. ಯಾವ ಸಂದೇಶವನ್ನು ಎಲ್ಲಿ ತಡೆಯಬೇಕೆಂದು ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್ಎಂಎ ಸಂಸ್ಥೆಯ ಎಫ್ಎಸ್.11 ಎಂಬ ಮಾರ್ಗಸೂಚಿ ವಿಂಗಡಿಸಿ ಹೇಳುತ್ತದೆ. 5ಜಿಯಲ್ಲಿ ಎರಡು ಕಂಪನಿಗಳ ನಡುವೆ ಸೆಪ್ ಎಂಬ ಕಾವಲು ಘಟಕವೇ ಇದೆ. ಇದಾವುದೂ ನಮ್ಮ ಕೈಯಲ್ಲಿಲ್ಲ. ಫೋನಿನಲ್ಲಿ ಯಾವ ಆ್ಯಪ್ ಹಾಕಿದರೂ, ವಿಪಿಎನ್ ಕೊಂಡರೂ ಎಸ್ಎಸ್7 ದಾಳಿ ನಿಲ್ಲದು, ಯಾಕೆಂದರೆ ದಾಳಿ ನಿಮ್ಮ ಫೋನನ್ನು ಮುಟ್ಟುವುದೇ ಇಲ್ಲ. "ಎಸ್ಎಸ್7 ತಡೀತೈತ್ರಿ" ಅಂತ ಆ್ಯಪ್ ಮಾರುವವರಿಗೆ ದುಡ್ಡು ಕೊಡಬೇಡಿ.

"ನಂದು 5ಜಿ ಫೋನು, ನನಗೇನು" ಎಂಬ ಧೈರ್ಯವೂ ಬೇಡ. ಪರದೆಯ ಮೇಲೆ 5ಜಿ ಎಂದು ಕಂಡರೂ ಎಷ್ಟೋ ಕಡೆ ಹಿಂದಿನ ಕೆಲಸ ಮಾಡುವುದು 4ಜಿಯ ಕೋರ್, ಅಂದರೆ ಕಂಪನಿಯ ಹಳೆಯ ಒಳಜಾಲ. ನಿಮ್ಮ ನಂಬರ್ ಹಳೆಯ ಜಾಲಗಳ ಜೊತೆ ಮಾತಾಡುವುದನ್ನು ನಿಲ್ಲಿಸಿಯೂ ಇಲ್ಲ.

ಎಸ್ಎಸ್7 ದಾಳಿ ಮಾಡಲು ಜಾಲದೊಳಗೆ ಪ್ರವೇಶ ಬೇಕು, ಎಲ್ಲ ಪುಡಿಗಳ್ಳರಿಗೂ ಅದು ಸಿಗುವುದಿಲ್ಲ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಮದುವೆ ಕಾರ್ಡು, ಆರ್‌ಟಿಓ ದಂಡದ ಚಲನ್ ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು. ಅದನ್ನು ಒತ್ತಿ ಎಸ್ಎಂಎಸ್ ಓದಲು ಅನುಮತಿ ಕೊಟ್ಟರೆ ಓಟಿಪಿ ತಾನೇ ಹರಿದುಹೋಗುತ್ತದೆ. ಕೆಳಗಿನ ಹಂತಗಳ ಲಾಭವೆಂದರೆ, ಕಳ್ಳ ಯಾವ ದಾರಿಯಿಂದ ಓಟಿಪಿ ಕದ್ದರೂ ಅದರಿಂದ ಅವನಿಗೆ ಸಿಗುವುದು ಕಡಿಮೆಯಾಗುತ್ತದೆ.

## ಹಂತ 1: ಸಾಮಾನು ಜೋಡಿಸಿಕೊಳ್ಳಿ

ಒಂದು ನೋಟ್‌ಬುಕ್ಕು, ಪೆನ್ನು. ಚಾರ್ಜ್ ತುಂಬಿದ ನಿಮ್ಮ ಫೋನು. ಮನೆಯವರದ್ದೇ ಆದ ಇನ್ನೊಂದು ಫೋನು ಅಥವಾ ಲ್ಯಾಪ್‌ಟಾಪು. ಸಿಮ್ ಕೊಂಡಾಗ ಬಂದ ಪ್ಲಾಸ್ಟಿಕ್ ಕಾರ್ಡು ಕಪಾಟಿನಲ್ಲಿ ಎಲ್ಲಾದರೂ ಇದ್ದರೆ ಹುಡುಕಿಡಿ, ಲಾಕ್ ಆದ ಸಿಮ್ ತೆರೆಯುವ ಪಿಯುಕೆ ಸಂಖ್ಯೆ ಅದರ ಮೇಲಿರಬಹುದು. ಬ್ಯಾಂಕ್ ಪಾಸ್‌ಬುಕ್ಕು. ಅವಸರ ಇಲ್ಲದ ಒಂದು ಮಧ್ಯಾಹ್ನ.

ಈ ಕೆಲಸವನ್ನು ಸೈಬರ್ ಸೆಂಟರಿನಲ್ಲಿ ಕೂತು ಮಾಡಬೇಡಿ. ಧಾರವಾಡದ ಸಪ್ತಾಪುರದ ಕಡೆ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರು ಮಾಡುವ ಒಂದು ತಪ್ಪಿದೆ: ಬ್ಯಾಕಪ್ ಕೋಡಿನ ಸ್ಕ್ರೀನ್‌ಶಾಟ್ ತೆಗೆದು, ಝೆರಾಕ್ಸ್ ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸಿ, ಎರಡು ರೂಪಾಯಿಗೆ ಪ್ರಿಂಟ್ ತೆಗೆಸುವುದು. ಆ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಗುಟ್ಟು ಆಧಾರ್ ಕಾರ್ಡುಗಳ ನಡುವೆ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಕೈಯಿಂದಲೇ ಬರೆದುಕೊಳ್ಳಿ.

## ಹಂತ 2: ನಂಬರಿಗೆ ಏನೇನು ಜೋತುಬಿದ್ದಿದೆ, ಪಟ್ಟಿ ಮಾಡಿ

ಬ್ಯಾಂಕುಗಳು, ಯುಪಿಐ ಆ್ಯಪ್‌ಗಳು, ಜಿಮೇಲ್, ವಾಟ್ಸಾಪ್, ಟೆಲಿಗ್ರಾಂ, ಫೇಸ್‌ಬುಕ್, ಆಧಾರ್, ಡಿಜಿಲಾಕರ್, ವಿಮೆ, ಷೇರು ಖಾತೆ. ಪ್ರತಿಯೊಂದರ ಮುಂದೆ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಒಂದು: ಒಳಗೆ ಹೋಗಲು ಎಸ್ಎಂಎಸ್ ಕೇಳುತ್ತದೆಯೇ? ಎರಡು: "ಪಾಸ್‌ವರ್ಡ್ ಮರೆತೆ" ಎಂದು ಒತ್ತಿದರೆ ಬರೀ ಎಸ್ಎಂಎಸ್‌ನಿಂದ ಹೊಸ ಪಾಸ್‌ವರ್ಡ್ ಕೊಡುತ್ತದೆಯೇ?

ಹೆಚ್ಚಿನವರು ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಹೆಚ್ಚು ಅಪಾಯವಿರುವುದು ಅಲ್ಲಿಯೇ. ಒಳಗೆ ಹೋಗಲು ಎಷ್ಟೇ ಬಿಗಿ ಮಾಡಿದ್ದರೂ, ಮರೆತವರಿಗಾಗಿ ಇಟ್ಟ ದಾರಿ ಎಸ್ಎಂಎಸ್ ಮೇಲೆ ನಿಂತಿದ್ದರೆ ಕಳ್ಳನಿಗೆ ಪಾಸ್‌ವರ್ಡೂ ಬೇಕಾಗಿಲ್ಲ. ಪಟ್ಟಿಯಲ್ಲಿ ಜಿಮೇಲ್‌ಗೆ ಮೊದಲ ಸ್ಥಾನ ಕೊಡಿ. ಉಳಿದ ಎಷ್ಟೋ ಖಾತೆಗಳ ಪಾಸ್‌ವರ್ಡ್ ಅದರ ಮೂಲಕವೇ ಬದಲಾಗುತ್ತದೆ.

## ಹಂತ 3: ಎಸ್ಎಂಎಸ್ ತೆಗೆಯುವ ಮುಂಚೆ ಬದಲಿ ವ್ಯವಸ್ಥೆ ಸಿದ್ಧ ಮಾಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಮಾಡಿ.

ಜಿಮೇಲ್‌ಗಾಗಿ ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ. ಮೊದಲು ಬ್ಯಾಕಪ್ ಕೋಡ್ ತೆಗೆಯಿರಿ. ಹತ್ತು ಕೋಡ್ ಸಿಗುತ್ತವೆ, ಒಂದೊಂದೂ ಎಂಟು ಅಂಕಿಯದು, ಒಂದೊಂದೂ ಒಂದೇ ಸಲಕ್ಕೆ. ಹೊಸ ಪಟ್ಟಿ ಕೇಳಿದರೆ ಹಳೆಯದು ರದ್ದು. ನೋಟ್‌ಬುಕ್ಕಿನಲ್ಲಿ ಬರೆದು, ಮನೆಪತ್ರ, ಬಂಗಾರದ ರಸೀದಿ ಇಡುವ ಜಾಗದಲ್ಲಿಡಿ. ಫೋನಿನ ಕವರಿನ ಹಿಂದೆ ಸಿಕ್ಕಿಸಿಟ್ಟುಕೊಳ್ಳುವವರಿದ್ದಾರೆ. ಫೋನ್ ಹೋದ ದಿನ ಕೋಡೂ ಅದರ ಜೊತೆ ಹೋಗುತ್ತದೆ.

ಎರಡನೆಯದಾಗಿ ಅಥೆಂಟಿಕೇಟರ್ ಆ್ಯಪ್ ಹಾಕಿ. ಇದರಲ್ಲಿ ಬರುವ ಆರಂಕಿಯ ಸಂಖ್ಯೆ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಅದು ಫೋನಿನೊಳಗೇ ಹುಟ್ಟುತ್ತದೆ, ಯಾವ ಟವರನ್ನೂ ದಾಟುವುದಿಲ್ಲ. ಹಾಗಾಗಿ ಎಸ್ಎಸ್7ನಲ್ಲಿ ಕದಿಯಲು ಅಲ್ಲಿ ಏನೂ ಇಲ್ಲ. ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಆದರೆ ಫೋನಿನ ಗಡಿಯಾರ ಸರಿಯಿರಬೇಕು. "ಕೋಡ್ ತಗೊಳ್ಳಂಗಿಲ್ರಿ" ಎನ್ನುವವರು ಮೊದಲು ಸಮಯದ ಸೆಟ್ಟಿಂಗನ್ನು ಆಟೋಮ್ಯಾಟಿಕ್ ಮಾಡಿ ನೋಡಿ.

ಕ್ಯೂಆರ್ ಕೋಡ್ ತೋರಿಸಿದಾಗ ಅದನ್ನು ಎರಡನೇ ಫೋನಿನಿಂದಲೂ ಸ್ಕ್ಯಾನ್ ಮಾಡಿಕೊಳ್ಳಿ. ಎರಡರಲ್ಲೂ ಒಂದೇ ಸಂಖ್ಯೆ ಕಾಣುತ್ತದೆ. ಒಂದು ಒಡೆದರೆ ಇನ್ನೊಂದಿದೆ. ಈ ಪರದೆ ಮತ್ತೆ ಸಿಗುವುದಿಲ್ಲ, ಆದ್ದರಿಂದ "ನೆಕ್ಸ್ಟ್" ಒತ್ತುವ ಮುಂಚೆಯೇ ಮಾಡಿ ಮುಗಿಸಿ.

ನಿಮ್ಮ ಫೋನು ಪಾಸ್‌ಕೀ ಕೇಳಿದರೆ ಅದನ್ನೂ ಹಾಕಿಕೊಳ್ಳಿ. ಬೆರಳಚ್ಚು ಇಟ್ಟರೆ ಒಳಗೆ ಬಿಡುತ್ತದೆ, ನಕಲಿ ವೆಬ್‌ಸೈಟಿನಲ್ಲಿ ಕೆಲಸ ಮಾಡುವುದಿಲ್ಲ. ಎಲ್ಲಕ್ಕಿಂತ ಗಟ್ಟಿ ಇದೇ ಎಂಬುದು ನನ್ನ ಅಭಿಪ್ರಾಯ.

ಈಗ ಪರೀಕ್ಷೆ. ಈ ಫೋನಿನಿಂದ ಲಾಗೌಟ್ ಆಗಬೇಡಿ. ಲ್ಯಾಪ್‌ಟಾಪಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಎರಡು ಸಲ ಲಾಗಿನ್ ಆಗಿ ನೋಡಿ: ಒಮ್ಮೆ ಅಥೆಂಟಿಕೇಟರ್ ಸಂಖ್ಯೆ ಹಾಕಿ, ಇನ್ನೊಮ್ಮೆ ಬರೆದಿಟ್ಟ ಒಂದು ಬ್ಯಾಕಪ್ ಕೋಡ್ ಹಾಕಿ. ಎರಡೂ ಒಳಗೆ ಬಿಟ್ಟರೆ ಮಾತ್ರ ಮುಂದಿನ ಹಂತ. ಬಳಸಿದ ಕೋಡನ್ನು ಪಟ್ಟಿಯಲ್ಲಿ ಹೊಡೆದುಹಾಕಿ.

## ಹಂತ 4: ಈಗ ಎಸ್ಎಂಎಸ್ ಕಿತ್ತುಹಾಕಿ

ಗೂಗಲ್‌ನಲ್ಲಿ ನಿಮ್ಮ ನಂಬರ್ ಎರಡು ಕಡೆ ಕೂತಿರುತ್ತದೆ. ಟೂ-ಸ್ಟೆಪ್ ವೆರಿಫಿಕೇಶನ್‌ನಲ್ಲಿ ಒಂದು, ರಿಕವರಿ ಫೋನ್ ಎಂದು ಇನ್ನೊಂದು. ಮೊದಲನೆಯದನ್ನು ತೆಗೆದು ಎರಡನೆಯದನ್ನು ಮರೆಯುವವರೇ ಹೆಚ್ಚು. ರಿಕವರಿ ಜಾಗದಲ್ಲಿ ಮನೆಯವರ ಇಮೇಲ್ ಇಡಿ. ಆ ಇಮೇಲಿಗೂ ಇದೇ ಹಂತಗಳು ಆಗಿರಬೇಕು ಎಂಬುದು ಬೇರೆ ಮಾತು.

ವಾಟ್ಸಾಪಿನಲ್ಲಿ ನಂಬರ್ ತೆಗೆಯಲು ಬರುವುದಿಲ್ಲ, ಅಲ್ಲಿ ನಂಬರೇ ಖಾತೆ. ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ ಆರಂಕಿಯ ಪಿನ್ ಇಡಿ, ಇಮೇಲ್ ಸೇರಿಸಿ. ಓಟಿಪಿ ಕದ್ದವನು ಪಿನ್ ಎದುರು ನಿಂತುಬಿಡುತ್ತಾನೆ. ಹುಟ್ಟಿದ ತಾರೀಖು ಪಿನ್ ಆಗಿ ಇಡಬೇಡಿ, ಅದು ನಿಮ್ಮ ಫೇಸ್‌ಬುಕ್ಕಿನಲ್ಲೇ ಇದೆ. ಟೆಲಿಗ್ರಾಂನಲ್ಲೂ ಹೀಗೆಯೇ ಪಾಸ್‌ವರ್ಡ್ ಇಡಲು ಬರುತ್ತದೆ.

ಬ್ಯಾಂಕಿನದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಹೆಚ್ಚಿನ ಬ್ಯಾಂಕುಗಳು ಇನ್ನೂ ಎಸ್ಎಂಎಸ್ ಓಟಿಪಿಯನ್ನೇ ನೆಚ್ಚಿಕೊಂಡಿವೆ. ಆರ್‌ಬಿಐ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನ ಬೇರೆ ವಿಧಾನಗಳಿಗೂ ದಾರಿ ಮಾಡಿದೆ, ಪಾಲನೆಗೆ ಕೊಟ್ಟ ಗಡುವು 2026ರ ಏಪ್ರಿಲ್ 1. ನಿಮ್ಮ ಬ್ಯಾಂಕಿನ ಆ್ಯಪ್ ಬೆರಳಚ್ಚಿನ ಅಥವಾ ಆ್ಯಪ್ ಒಳಗಿನ ಅನುಮೋದನೆ ಕೊಡುತ್ತಿದ್ದರೆ ಅದನ್ನೇ ಆರಿಸಿ. ಕೊಡದಿದ್ದರೆ ಮಿತಿ ಇಳಿಸಿ: ದಿನದ ವರ್ಗಾವಣೆ ಮಿತಿಯನ್ನು ನಿಮಗೆ ನಿಜವಾಗಿ ಬೇಕಾದಷ್ಟಕ್ಕೆ ತನ್ನಿ, ಕಾರ್ಡಿನ ವಿದೇಶಿ ಬಳಕೆ ಬಂದ್ ಮಾಡಿ, ವ್ಯವಹಾರದ ಸೂಚನೆ ಇಮೇಲಿಗೂ ಬರುವಂತೆ ಮಾಡಿ. ಕಳ್ಳ ಎಸ್ಎಂಎಸ್ ತಿರುಗಿಸಿದರೂ ಇಮೇಲ್ ನಿಮಗೆ ಬಂದು ಮುಟ್ಟುತ್ತದೆ.

ಜರ್ಮನಿಯ ಉದಾಹರಣೆ ಇಲ್ಲಿ ಬೇಕು. ಓಟಿಪಿ ಒಂದೇ ಇದ್ದರೆ ಸಾಲದು, ಪಾಸ್‌ವರ್ಡೂ ಬೇಕಿತ್ತು. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನು ಬೇರೆಲ್ಲೂ ಬಳಸದ ಹೊಸದಕ್ಕೆ ಬದಲಿಸಿ. ಬಳಸದೇ ಇದ್ದರೆ ನೆಟ್ ಬ್ಯಾಂಕಿಂಗನ್ನೇ ನಿಲ್ಲಿಸಿ.

## ಹಂತ 5: ಬ್ಯಾಂಕಿನ ನಂಬರ್ ಬೇರೆ, ಬೋರ್ಡಿನ ನಂಬರ್ ಬೇರೆ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲೋ ಅಮರಗೋಳದ ಎಪಿಎಂಸಿಯಲ್ಲೋ ಒಂದು ಸುತ್ತು ಹಾಕಿ. ಅಂಗಡಿಯ ಬೋರ್ಡು, ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡು, ಎಲ್ಲದರ ಮೇಲೂ ಒಂದೇ ನಂಬರು. ಬ್ಯಾಂಕಿಗೆ ಕೊಟ್ಟದ್ದೂ ಅದೇ. ಸಿಗ್ನಲಿಂಗ್ ದಾಳಿ ಶುರುವಾಗುವುದೇ ನಂಬರಿನಿಂದ ಎಂಬುದನ್ನು ನೋಡಿದೆವಲ್ಲ. ಯಾರಿಗೂ ಗೊತ್ತಿಲ್ಲದ ನಂಬರನ್ನು ಗುರಿ ಮಾಡುವುದು ಕಷ್ಟ.

ಹೊಸ ಸಿಮ್ ಒಂದನ್ನು ನಿಮ್ಮ ಹೆಸರಿನಲ್ಲೇ ತೆಗೆದುಕೊಳ್ಳಿ. ಅಳಿಯನ ಹೆಸರಿನಲ್ಲಿ, ಅಂಗಡಿಯ ಹುಡುಗನ ಹೆಸರಿನಲ್ಲಿ ಬೇಡ, ನಾಳೆ ಬದಲಿ ಸಿಮ್ ಬೇಕಾದರೆ ಅವರೇ ಹೋಗಬೇಕಾಗುತ್ತದೆ. ಅದನ್ನು ಎರಡನೇ ಸ್ಲಾಟಿನಲ್ಲಿ ಹಾಕಿ, ಬ್ಯಾಂಕಿನ ಶಾಖೆಗೆ ಹೋಗಿ ನೋಂದಾಯಿತ ನಂಬರ್ ಬದಲಿಸಿ. ಬದಲಾವಣೆಯ ಸಂದೇಶ ಹೊಸ ನಂಬರಿಗೆ ಬರುವವರೆಗೆ ಹಳೆಯ ಸಿಮ್ ತೆಗೆಯಬೇಡಿ. ಯುಪಿಐ ಆ್ಯಪ್ ಹೊಸ ನಂಬರಿನಿಂದ ಮತ್ತೆ ನೋಂದಾಯಿಸಬೇಕಾಗುತ್ತದೆ, ಪೇಟೆ ಜೋರಾಗಿರುವ ದಿನ ಇದಕ್ಕೆ ಕೈ ಹಾಕಬೇಡಿ.

ಗುಪ್ತ ನಂಬರಿನ ದೊಡ್ಡ ಶತ್ರು ಮರೆವು. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ಟರೆ ಕಂಪನಿ ಅದನ್ನು ಕಡಿಯಬಹುದು. ಮುಂದೊಂದು ದಿನ ಆ ನಂಬರ್ ಬೇರೆಯವರ ಪಾಲಾಗುತ್ತದೆ, ನಿಮ್ಮ ಓಟಿಪಿ ಯಾವ ಕಳ್ಳನ ಶ್ರಮವೂ ಇಲ್ಲದೆ ಅವರಿಗೆ ಹೋಗುತ್ತದೆ. ರೀಚಾರ್ಜ್ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

## ಹಂತ 6: 2ಜಿ ಬಂದ್ ಮಾಡಿ, ಆದರೆ ಮೊದಲು ವೋಲ್ಟಿ ನೋಡಿ

2ಜಿಯಲ್ಲಿ ನಿಮ್ಮ ಸಿಮ್ ಟವರಿಗೆ ತನ್ನ ಗುರುತು ತೋರಿಸುತ್ತದೆ, ಟವರ್ ಸಿಮ್ಮಿಗೆ ಏನನ್ನೂ ತೋರಿಸುವುದಿಲ್ಲ. 3ಜಿಯಿಂದ ಮುಂದೆ ಎರಡೂ ಕಡೆ ಪರೀಕ್ಷೆ ಇದೆ. ಈ ಕೊರತೆಯನ್ನೇ ಬಳಸಿ, ಕಾರಿನಲ್ಲಿಟ್ಟ ನಕಲಿ ಟವರ್ ಸುತ್ತಲಿನ ಫೋನುಗಳನ್ನು 2ಜಿಗೆ ಎಳೆದು ಸುಳ್ಳು ಎಸ್ಎಂಎಸ್ ತುಂಬಬಲ್ಲದು. ಕಳಿಸಿದವರ ಹೆಸರಿನ ಜಾಗದಲ್ಲಿ ಬ್ಯಾಂಕಿನ ಹೆಸರೇ ಬರುತ್ತದೆ, ಕೊನೆಗೆ ಸೇವೆ, ವ್ಯವಹಾರ, ಸರ್ಕಾರದ ಸಂದೇಶ ಎಂದು ಸೂಚಿಸುವ ಎಸ್, ಟಿ, ಜಿ ಎಂಬ ಅಕ್ಷರಗಳಿದ್ದರೂ ನಂಬುವಂತಿಲ್ಲ. ಆ ಅಕ್ಷರಗಳನ್ನು ಕಡ್ಡಾಯ ಮಾಡಿದ ನಿಯಮ ನಕಲಿ ಟವರಿಗೆ ಅನ್ವಯಿಸದು, ಯಾಕೆಂದರೆ ಅದರ ಸಂದೇಶ ಕಂಪನಿಯ ಜಾಲವನ್ನೇ ಹಾಯುವುದಿಲ್ಲ.

ಮೊದಲು ವೋಲ್ಟಿ, ಅಂದರೆ 4ಜಿ ಜಾಲದಲ್ಲೇ ಕರೆ ಸಾಗಿಸುವ ಸೌಲಭ್ಯ, ಆನ್ ಇದೆಯೇ ನೋಡಿ. ಮನೆಯವರಿಗೆ ಕರೆ ಮಾಡಿ, ಮಾತಾಡುತ್ತಿರುವಾಗ ಮೇಲಿನ ಪಟ್ಟಿಯಲ್ಲಿ 4ಜಿ ಅಥವಾ 5ಜಿ ಹಾಗೇ ಉಳಿದರೆ ಸರಿ. ಇಂಗ್ಲಿಷಿನ ಇ ಅಕ್ಷರ ಅಥವಾ 2ಜಿ ಎಂದು ಬದಲಾದರೆ ನಿಮ್ಮ ಕರೆ ಇನ್ನೂ 2ಜಿಯಲ್ಲೇ ಹೋಗುತ್ತಿದೆ. ಆ ಸ್ಥಿತಿಯಲ್ಲಿ 2ಜಿ ಬಂದ್ ಮಾಡಿದರೆ ಫೋನ್ ಬರುವುದೇ ನಿಲ್ಲುತ್ತದೆ.

ಆಂಡ್ರಾಯ್ಡ್ 12ರಿಂದ ಮುಂದಿನ ಹಲವು ಫೋನುಗಳಲ್ಲಿ ಸಿಮ್ ಸೆಟ್ಟಿಂಗಿನೊಳಗೆ "ಅಲೋ 2ಜಿ" ಎಂಬ ಗುಂಡಿ ಇರುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಆಫ್ ಮಾಡಬೇಕು. ತುರ್ತು ಕರೆಗೆ ಇದರಿಂದ ಅಡ್ಡಿಯಿಲ್ಲ. ಐಫೋನಿನಲ್ಲಿ ಲಾಕ್‌ಡೌನ್ ಮೋಡ್ ಹಾಕಿದರೆ ಮಾತ್ರ 2ಜಿ ನಿಲ್ಲುತ್ತದೆ, ಅದು ಇನ್ನೂ ಹತ್ತಾರು ಸೌಲಭ್ಯ ಕಡಿಯುವುದರಿಂದ ಸಾಮಾನ್ಯ ಬಳಕೆಗೆ ನಾನು ಹೇಳುವುದಿಲ್ಲ. ಜಿಯೋ ಜಾಲದಲ್ಲಿ 2ಜಿ ಇಲ್ಲ, ಆದರೂ ಗುಂಡಿ ಆಫ್ ಮಾಡಿ. ಕಂಪನಿಗೆ 2ಜಿ ಇಲ್ಲದಿದ್ದರೂ ನಕಲಿ ಟವರ್ 2ಜಿಯಲ್ಲಿ ಕರೆಯಬಹುದು.

ಕಪ್ಪತಗುಡ್ಡದ ತಪ್ಪಲಿನ ಹಳ್ಳಿಗಳು, ಕಲಘಟಗಿ ದಾಟಿದ ಮೇಲಿನ ಕಾಡಿನ ದಾರಿ, ಇಂಥ ಕಡೆ ಇ ಅಕ್ಷರ ಕಂಡರೆ ಗಾಬರಿ ಬೇಡ, ಅಲ್ಲಿ ಸಿಗ್ನಲ್ಲೇ ಅಷ್ಟು. ದಿನಾ 5ಜಿ ಬರುವ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ನಿಂತಾಗ ಒಮ್ಮೆಲೇ ಇ ಬಂದು, ಅದರ ಬೆನ್ನಿಗೇ ಲಿಂಕ್ ಇರುವ ಎಸ್ಎಂಎಸ್ ಬಂದರೆ ಅನುಮಾನಪಡಿ.

ಅವ್ವನ ಕೀಪ್ಯಾಡ್ ಫೋನಿನ ಪ್ರಶ್ನೆ ಬೇರೆ. ಬರೀ 2ಜಿಯ ಸೆಟ್ಟಿದ್ದರೆ ಬಂದ್ ಮಾಡಲು ಏನೂ ಇಲ್ಲ. ಪೆನ್ಶನ್ ಖಾತೆಗೆ ಅದೇ ನಂಬರ್ ಇದ್ದರೆ ಆ ಖಾತೆಯ ಎಟಿಎಂ, ನೆಟ್ ಬ್ಯಾಂಕಿಂಗ್ ಮಿತಿ ಇಳಿಸಿ, ಇಲ್ಲವೇ 4ಜಿ ಕೀಪ್ಯಾಡ್ ಸೆಟ್ಟು ಕೊಡಿಸಿ. ಮಗನ ನಂಬರನ್ನು ಖಾತೆಗೆ ಹಾಕುವುದು ಸುಲಭದ ದಾರಿ ಅನ್ನಿಸುತ್ತದೆ, ಆದರೆ ಅವ್ವನ ದುಡ್ಡಿನ ಸುದ್ದಿ ಅವ್ವನಿಗೇ ಬರಬೇಕು.

## ಹಂತ 7: ಸಿಮ್ ಪಿನ್

ಹುಬ್ಬಳ್ಳಿಯ ಸಿಬಿಟಿ ಬಸ್ ನಿಲ್ದಾಣದ ಗದ್ದಲದಲ್ಲಿ ಫೋನ್ ಹೋದರೆ ಕಳ್ಳ ಪರದೆಯ ಲಾಕ್ ಒಡೆಯುತ್ತಾ ಕೂರುವುದಿಲ್ಲ. ಸಿಮ್ ಕಿತ್ತು ಬೇರೆ ಫೋನಿಗೆ ಹಾಕುತ್ತಾನೆ, ಓಟಿಪಿ ಬರಲು ಶುರು. ಸಿಮ್ ಪಿನ್ ಇದ್ದರೆ ಅಲ್ಲೇ ತಡೆ.

ಇಲ್ಲಿ ಅಂದಾಜು ಸಲ್ಲದು. ಪಿನ್ ಆನ್ ಮಾಡುವಾಗ ಕಂಪನಿ ಮೊದಲೇ ಇಟ್ಟಿರುವ ಪಿನ್ ಕೇಳುತ್ತದೆ. ಗೊತ್ತಿಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಕೇಳಿ, ಜೊತೆಗೆ ಎಂಟಂಕಿಯ ಪಿಯುಕೆ ಕೂಡ ಕೇಳಿ ಬರೆದುಕೊಳ್ಳಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್, ಪಿಯುಕೆ ಬೇಕು. ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ. ಆನ್ ಆದ ಮೇಲೆ ಹೊಸ ಪಿನ್ ಇಟ್ಟು, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ. ಹಾಗೆಯೇ ಲಾಕ್ ಆದ ಪರದೆಯ ಮೇಲೆ ಎಸ್ಎಂಎಸ್ ಒಳಗಿನ ಮಾತು ಕಾಣದಂತೆ ಮಾಡಿ.

## ಹಂತ 8: ಕರೆ ಬೇರೆ ಕಡೆ ತಿರುಗಿದೆಯೇ?

*#21# ಒತ್ತಿದರೆ ಎಲ್ಲ ಕರೆ ತಿರುಗಿಸಿದ್ದು, *#61# ಒತ್ತಿದರೆ ಎತ್ತದಿದ್ದಾಗ, *#67# ಬ್ಯುಸಿ ಇದ್ದಾಗ, *#62# ಸಿಗದಿದ್ದಾಗ ತಿರುಗುವುದು ಗೊತ್ತಾಗುತ್ತದೆ. ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಇಂಥ ಕೋಡ್ ಮೂಲಕ ಕರೆ ತಿರುಗಿಸುವ ಸೇವೆ ನಿಲ್ಲಿಸಲು ಹೇಳಿದ್ದರಿಂದ ಕೆಲವು ಕಡೆ ಕೋಡ್‌ಗೆ ಉತ್ತರ ಬರುವುದಿಲ್ಲ. ಆಗ ಫೋನ್ ಆ್ಯಪಿನ ಸೆಟ್ಟಿಂಗಿನಲ್ಲಿ ಕಾಲ್ ಫಾರ್ವರ್ಡಿಂಗ್ ಹುಡುಕಿ ನೋಡಿ. "ಸಿಗದಿದ್ದಾಗ" ಎಂಬಲ್ಲಿ ಕಂಪನಿಯ ವಾಯ್ಸ್‌ಮೇಲ್ ನಂಬರ್ ಇರಬಹುದು, ಅದು ತಪ್ಪಲ್ಲ. ಅಪರಿಚಿತ ಹತ್ತಂಕಿಯ ಮೊಬೈಲ್ ನಂಬರ್ ಇದ್ದರೆ ತಕ್ಷಣ ತೆಗೆಯಿರಿ.

ಕಾಲ್ ಫಾರ್ವರ್ಡಿಂಗ್‌ನಿಂದ ಎಸ್ಎಂಎಸ್ ತಿರುಗುವುದಿಲ್ಲ. ಆದರೆ "ಕರೆ ಮಾಡಿ ಓಟಿಪಿ ಹೇಳಿ" ಎಂಬ ಆಯ್ಕೆ ಕಳ್ಳನಿಗೆ ಸಾಕು, ವಾಟ್ಸಾಪ್ ಕದಿಯುವುದು ಹೀಗೂ ಉಂಟು. "ಕೊರಿಯರ್ ಬಂದೈತ್ರಿ ಅಣ್ಣಾರ, ಅಡ್ರೆಸ್ ಸಿಗವಲ್ದು, ಈ ನಂಬರ್ ಒತ್ರಿ" ಎಂದು *401* ಅಥವಾ *21*ರಿಂದ ಶುರುವಾಗುವುದನ್ನು ಹೇಳಿದರೆ ಫೋನ್ ಇಡಿ.

## ಹಂತ 9: ನಿಮ್ಮ ಹೆಸರಿನ ಸಿಮ್ಮುಗಳು

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ಲಿನಲ್ಲಿ ನಿಮ್ಮ ನಂಬರ್ ಹಾಕಿದರೆ ನಿಮ್ಮ ಹೆಸರಿನಲ್ಲಿರುವ ಎಲ್ಲ ಸಿಮ್ ಕಾಣುತ್ತವೆ. ನಿಮ್ಮದಲ್ಲದ್ದಕ್ಕೆ "ನಾಟ್ ಮೈ ನಂಬರ್" ಗುರುತಿಸಿ. ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ರೇಷನ್ ಅಥವಾ ಪೆನ್ಶನ್‌ಗೆ ಬೆರಳು ಕೊಡುವ ದಿನ ಮಾತ್ರ ತೆಗೆಯಿರಿ.

## ಅಪಾಯದ ಗುರುತುಗಳನ್ನು ಬೇರ್ಪಡಿಸುವುದು ಹೇಗೆ

ಸಿಗ್ನಲ್ ಕಡ್ಡಿಗಳೇ ಮಾಯ, "ನೋ ಸರ್ವೀಸ್", ಪಕ್ಕದವರ ಅದೇ ಕಂಪನಿಯ ಫೋನ್ ಸರಿಯಿದೆ: ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ತೆಗೆದಿರಬಹುದು. "ನೆಟ್‌ವರ್ಕ್ ಹೋಗಿರ್ಬೇಕು, ನಾಳಿ ನೋಡೋಣ" ಎನ್ನುವ ರಾತ್ರಿಯೇ ಕಳ್ಳನಿಗೆ ಬೇಕಿರುವುದು. ಸಿಮ್ ಬದಲಾದ ಮೇಲೆ 24 ತಾಸು ಎಸ್ಎಂಎಸ್ ತಡೆಹಿಡಿಯುವ ನಿಯಮ ಇದೆ, ಆ ಅವಧಿಯಲ್ಲಿ ನೀವು ಎಚ್ಚೆತ್ತರೆ ಉಳಿಯಬಹುದು.

ಕಡ್ಡಿಗಳು ಪೂರ್ತಿ ಇವೆ, ಹೊರಗೆ ಕರೆ ಹೋಗುತ್ತದೆ, ಒಳಗೆ ಕರೆ ಬರುತ್ತಿಲ್ಲ: ಮೊದಲ ಅನುಮಾನ ಫಾರ್ವರ್ಡಿಂಗ್ ಮೇಲೆ, ಹಂತ 8.

ಕಡ್ಡಿಗಳು ಪೂರ್ತಿ ಇವೆ, ಕರೆಯೂ ಇಲ್ಲ, ಎಸ್ಎಂಎಸ್ಸೂ ಇಲ್ಲ, ಆದರೆ ಇಮೇಲಿಗೆ ಬ್ಯಾಂಕಿನ ವ್ಯವಹಾರದ ಸೂಚನೆ ಬಂದಿದೆ: ಎಸ್ಎಸ್7 ದಾಳಿಯ ಲಕ್ಷಣ ಹೆಚ್ಚುಕಡಿಮೆ ಹೀಗಿರುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ಸ್ವಲ್ಪ ಬಿಟ್ಟು ತೆಗೆಯಿರಿ. ಫೋನ್ ಮತ್ತೆ ನೋಂದಣಿಯಾಗುವಾಗ ನಿಮ್ಮ ನಿಜವಾದ ಜಾಗ ದಾಖಲೆಗೆ ಮರಳುವ ಸಾಧ್ಯತೆ ಇದೆ. ಇದು ತಾತ್ಕಾಲಿಕ, ಕಳ್ಳ ಮತ್ತೆ ತಿರುಗಿಸಬಲ್ಲ.

ನೀವು ಕೇಳದೆ ಪೋರ್ಟಿಂಗ್ (ನಂಬರನ್ನು ಬೇರೆ ಕಂಪನಿಗೆ ಬದಲಿಸುವ) ಕೋಡ್ ಎಸ್ಎಂಎಸ್ ಬಂದರೆ ಅದೂ ಗುರುತೇ. ಜರ್ಮನಿಯಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳು ಊರಿನ ಸಿಮ್ಮನ್ನು ರೋಮಿಂಗಿನಲ್ಲಿಟ್ಟು ಓಟಿಪಿ ತರಿಸಿಕೊಳ್ಳುತ್ತಾರೆ. ಅವರ ಪ್ರತಿ ಎಸ್ಎಂಎಸ್ಸೂ ಎರಡು ದೇಶಗಳ ಜಾಲ ದಾಟಿ ಬರಬೇಕು, "ಗ್ರಾಹಕ ಹೊರದೇಶದಲ್ಲಿದ್ದಾನೆ" ಎಂಬ ಸಂದೇಶ ಅವರ ವಿಷಯದಲ್ಲಿ ಸಹಜವಾಗಿ ಕಾಣುವುದರಿಂದ ಫೈರ್‌ವಾಲಿಗೂ ಸುಳ್ಳನ್ನು ಹಿಡಿಯುವುದು ಕಷ್ಟ. ಹಂತ 3, 4 ಅವರಿಗೆ ಎಲ್ಲರಿಗಿಂತ ಮೊದಲು ಬೇಕು.

## ಆಗಬಾರದ್ದು ಆದರೆ: ಮೊದಲ ಗಂಟೆ

ಬೇರೆಯವರ ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಮುಂದಿನ ಖಾತೆಗೆ ಜಾರುವ ಮುಂಚೆ ತಡೆಯುವ ಅವಕಾಶ ಇಲ್ಲಿದೆ, ಆದ್ದರಿಂದ ಬ್ಯಾಂಕಿನ ಶಾಖೆ ತೆರೆಯಲಿ ಎಂದು ಕಾಯಬೇಡಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ಕೂಡಲೇ ಬ್ಯಾಂಕಿನ ಸಹಾಯವಾಣಿಗೆ ಹೇಳಿ ಖಾತೆ, ಕಾರ್ಡು, ಯುಪಿಐ ನಿಲ್ಲಿಸಿ. ಮೂರನೆಯದು ಮೊಬೈಲ್ ಕಂಪನಿ, ಸಿಮ್ ಬಂದ್ ಮಾಡಿಸಿ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ದ್ರವ್ಯ ಅಪರಾಧಗಳ) ಪೊಲೀಸ್ ಠಾಣೆ.

ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ, ಮೂರು ಕೆಲಸದ ದಿನ ದಾಟಿಸಬೇಡಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂಬ ಪ್ರಕರಣದಲ್ಲಿ ಗ್ರಾಹಕನ ಹೊಣೆ ಶೂನ್ಯ ಎಂದು ಆರ್‌ಬಿಐಯ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು ಆ ಮೂರು ದಿನದೊಳಗೆ ತಿಳಿಸಿದವರಿಗೆ. "ಓಟಿಪಿ ನೀವೇ ಹೇಳಿರಬೇಕು" ಎಂದು ಕೌಂಟರಿನಲ್ಲಿ ಹೇಳುವುದು ಮಾಮೂಲಿ. ದೂರಿನಲ್ಲಿ ಎರಡು ಸಾಲು ಸ್ಪಷ್ಟವಾಗಿರಲಿ: ಓಟಿಪಿಯನ್ನು ಯಾರಿಗೂ ಹೇಳಿಲ್ಲ, ಆ ಸಮಯದಲ್ಲಿ ನನ್ನ ಫೋನಿಗೆ ಆ ಎಸ್ಎಂಎಸ್ ಬಂದೇ ಇಲ್ಲ. ಫೋನಿನ ಎಸ್ಎಂಎಸ್ ಪಟ್ಟಿಯ ಸ್ಕ್ರೀನ್‌ಶಾಟ್ ಲಗತ್ತಿಸಿ, ಪೊಲೀಸರು ನೋಡುವವರೆಗೆ ಫೋನ್ ಫಾರ್ಮ್ಯಾಟ್ ಮಾಡಬೇಡಿ.

ಮೊಬೈಲ್ ಕಂಪನಿಗೂ ಬೇರೆ ದೂರು ಬೇಕು. ಮೂರು ವಿಷಯ ಕೇಳಿ: ಆ ದಿನ ನನ್ನ ನಂಬರಿಗೆ ಬದಲಿ ಸಿಮ್ ಕೊಡಲಾಗಿದೆಯೇ, ಕರೆ ತಿರುಗಿಸುವ ಸೇವೆ ಶುರುವಾಗಿತ್ತೇ, ಆ ಹೊತ್ತಿನಲ್ಲಿ ನನ್ನ ನಂಬರ್ ಯಾವ ಜಾಲದಲ್ಲಿ ನೋಂದಣಿಯಾಗಿತ್ತು. ಮೂರನೆಯದಕ್ಕೆ ಕೌಂಟರಿನಲ್ಲಿ ಉತ್ತರ ಸಿಗದು, ಆದರೂ ಬರವಣಿಗೆಯಲ್ಲಿರಲಿ, ದಾಖಲೆ ತರಿಸಿಕೊಳ್ಳುವ ಅಧಿಕಾರ ಪೊಲೀಸರಿಗಿದೆ. ಉತ್ತರ ಹಾರಿಕೆಯದಾಗಿದ್ದರೆ ದೂರಿನ ಡಾಕೆಟ್ ನಂಬರ್ ಹಾಕಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ಪ್ರತಿಯನ್ನು ಸಿಇಎನ್ ಠಾಣೆಯ ತನಿಖಾಧಿಕಾರಿಗೂ ಕೊಡಿ.